ಉರುಳುವ ಚೆಂಡು, ಬಾರಿಸುವ ಗಂಟೆ: ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳು ಚಲನೆಯನ್ನು ಕಲಿಯುವ ಬಗೆ

ವಿಜ್ಞಾನ ಸಂಗ್ರಹಾಲಯದಲ್ಲಿ ಮಕ್ಕಳ ಗದ್ದಲ ಹೆಚ್ಚಾಗಿ ಕೇಳಿಸುವುದು ಚಲನೆಯ ವಿಭಾಗದಲ್ಲಿ. ಇಳಿಜಾರು ಹಲಗೆಯ ಮೇಲೆ ಚೆಂಡುಗಳು ಉರುಳುತ್ತಿರುತ್ತವೆ, ಗಾಳಿಯ ಮೇಜಿನ ಮೇಲೆ ಬಿಲ್ಲೆಗಳು ತೇಲುತ್ತಿರುತ್ತವೆ, ತಿರುಗುವ ಪೀಠದ ಮುಂದೆ ಸಾಲು ಬೆಳೆದಿರುತ್ತದೆ. ಮಕ್ಕಳು ಒಂದಿಷ್ಟು ಹೊತ್ತು ಆಡಿ ಮುಂದಿನದಕ್ಕೆ ಓಡುತ್ತಾರೆ. ಜೊತೆಗೆ ಬಂದ ತಂದೆತಾಯಿ, ಶಿಕ್ಷಕರಿಗೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟರಲ್ಲಿ ಇವರು ಕಲಿತದ್ದೇನು?

ಈ ಚಟುವಟಿಕೆಗಳ ಹಿಂದೆ ಏನಿದೆ, ಶಾಲೆಯಲ್ಲೋ ಮನೆಯಲ್ಲೋ ಅವುಗಳನ್ನು ಮಾಡುವುದು ಹೇಗೆ, ಎಲ್ಲಿ ಎಡವಟ್ಟಾಗುತ್ತದೆ, ಏಕೆ ಆಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಣ್ಣೆದುರಿದ್ದೂ ಕಾಣದ ಚಲನೆ

ಮಗು ಹುಟ್ಟಿದಂದಿನಿಂದಲೂ ಚಲನೆಯನ್ನು ನೋಡುತ್ತಲೇ ಇರುತ್ತದೆ. ಆದರೂ ಚಲನೆಯ ನಿಯಮಗಳು ತಾವಾಗಿಯೇ ಅದಕ್ಕೆ ಹೊಳೆಯುವುದಿಲ್ಲ. ಇದಕ್ಕೆ ಎರಡು ಅಡ್ಡಿಗಳಿವೆ. ಬೀಳುವ ವಸ್ತು ಕಣ್ಣಿಗೆ ಸಿಕ್ಕದಷ್ಟು ಬೇಗ ಬಿದ್ದುಬಿಡುತ್ತದೆ. 80 ಸೆಂಟಿಮೀಟರ್ ಎತ್ತರದ ಮೇಜಿನಿಂದ ನಾಣ್ಯ ನೆಲ ಮುಟ್ಟಲು ಬೇಕಾಗುವುದು ಕೇವಲ 0.4 ಸೆಕೆಂಡ್. ಇನ್ನೊಂದು ಅಡ್ಡಿ ಘರ್ಷಣೆ, ಅಂದರೆ ಒಂದಕ್ಕೊಂದು ತಾಗಿಕೊಂಡು ಜಾರುವ ಮೇಲ್ಮೈಗಳ ನಡುವೆ ಹುಟ್ಟುವ ತಡೆ. ನೆಲದ ಮೇಲೆ ತಳ್ಳಿದ ಪೆಟ್ಟಿಗೆ ತುಸು ದೂರ ಹೋಗಿ ನಿಲ್ಲುತ್ತದೆ. ಇದನ್ನು ದಿನವೂ ನೋಡುವ ಮಗು, ತಳ್ಳುತ್ತಲೇ ಇದ್ದರೆ ಮಾತ್ರ ವಸ್ತು ಚಲಿಸುತ್ತದೆ ಎಂದು ನಂಬಿದರೆ ತಪ್ಪೇನೂ ಇಲ್ಲ. ಅರಿಸ್ಟಾಟಲ್ ಕೂಡ ಹೆಚ್ಚುಕಡಿಮೆ ಹಾಗೆಯೇ ಯೋಚಿಸಿದ್ದ.

ಒಳ್ಳೆಯ ಪ್ರದರ್ಶಿಕೆ ಈ ಎರಡರಲ್ಲಿ ಒಂದು ಅಡ್ಡಿಯನ್ನು ಸರಿಸುತ್ತದೆ. ಇಳಿಜಾರು ಹಲಗೆ ಬೀಳುವಿಕೆಯನ್ನು ನಿಧಾನ ಮಾಡುತ್ತದೆ. ಗಾಳಿಯ ಮೇಜು ಘರ್ಷಣೆಯನ್ನು ತಗ್ಗಿಸುತ್ತದೆ. ಯಾವುದೇ ಪ್ರದರ್ಶಿಕೆಯ ಮುಂದೆ ನಿಂತಾಗ "ಇದು ಯಾವ ಅಡ್ಡಿಯನ್ನು ಸರಿಸುತ್ತಿದೆ?" ಎಂದು ಕೇಳಿಕೊಂಡರೆ ಅದರ ಉದ್ದೇಶ ಬಹುಬೇಗ ತಿಳಿಯುತ್ತದೆ.

ಮುಂದೆ ಬರುವ ಕೆಲವು ಪದಗಳನ್ನು ಇಲ್ಲಿಯೇ ತಿಳಿದುಕೊಂಡರೆ ಒಳ್ಳೆಯದು. ಒಂದು ಸೆಕೆಂಡಿನಲ್ಲಿ ವಸ್ತು ಎಷ್ಟು ದೂರ ಹೋಗುತ್ತದೆ ಎಂಬುದು ಜವ. ಜವದ ಜೊತೆಗೆ ದಿಕ್ಕನ್ನೂ ಹೇಳಿದರೆ ಅದು ವೇಗ. ಆ ವೇಗ ಸೆಕೆಂಡಿನಿಂದ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದು ವೇಗೋತ್ಕರ್ಷ. ವೇಗವನ್ನು ಬದಲಿಸುವ ತಳ್ಳುವಿಕೆ ಅಥವಾ ಎಳೆತ ಬಲ. ಬಲ ಬೀಳದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಚಲಿಸುತ್ತಿರುವುದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ವಸ್ತುವಿನ ಈ ಗುಣವೇ ಜಡತ್ವ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೂರು ನಿಯಮಗಳಲ್ಲಿ ಮೊದಲನೆಯದು ಇದೇ.

ಮುಟ್ಟಿ ನೋಡುವ ಪದ್ಧತಿ ಬಂದ ದಾರಿ

ಗಾಜಿನ ಹಿಂದೆ ವಸ್ತುಗಳನ್ನಿಟ್ಟು "ಮುಟ್ಟಬೇಡಿ" ಎಂದು ಫಲಕ ತಗುಲಿಸುವುದು ಸಂಗ್ರಹಾಲಯಗಳ ಹಳೆಯ ರೂಢಿ. 1925ರಲ್ಲಿ ಮ್ಯೂನಿಕ್‌ನಲ್ಲಿ ತನ್ನ ಈಗಿನ ಕಟ್ಟಡ ತೆರೆದ ಡಾಯ್ಚೆಸ್ ಮ್ಯೂಸಿಯಂ, ನೋಡಲು ಬಂದವರೇ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಯಂತ್ರಗಳನ್ನು ನಡೆಸುವ ಪದ್ಧತಿಗೆ ಹೆಸರಾಯಿತು. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಆರಂಭಿಸಿದಾಗ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವರು ಅದಕ್ಕೂ ಮುಂಚೆ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದವರು. ಗುಂಡಿ ಒತ್ತಿ ಒಂದೇ ಫಲಿತಾಂಶ ನೋಡುವುದಕ್ಕಿಂತ, ಬಂದವರು ತಾವೇ ಏನಾದರೊಂದನ್ನು ಬದಲಿಸಿ ಮುಂದೇನಾಗುತ್ತದೆ ಎಂದು ಪರೀಕ್ಷಿಸುವುದು ಅಲ್ಲಿ ಮುಖ್ಯವಾಯಿತು.

ಈ ವ್ಯತ್ಯಾಸ ಚಿಕ್ಕದಲ್ಲ. ಗುಂಡಿ ಒತ್ತಿದರೆ ಚೆಂಡು ಉರುಳುತ್ತದೆ, ಅಷ್ಟೇ. ಹಲಗೆಯ ಎತ್ತರ, ಉರುಳಿಸುವ ವಸ್ತು, ಬಿಡುವ ಜಾಗ ಇವೆಲ್ಲ ಮಗುವಿನ ಕೈಯಲ್ಲಿದ್ದರೆ ಮಾತ್ರ ಅದು ಪ್ರಯೋಗ.

ಉರುಳಾಟದ ಪಂದ್ಯ

ಒಂದೇ ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಖರ್ಚು ಕಡಿಮೆ, ಫಲಿತಾಂಶ ಸ್ಪಷ್ಟ, ಊಹೆಗೆ ಅವಕಾಶ ಬೇಕಾದಷ್ಟು.

ಬೇಕಾದದ್ದು 1.2 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಬಾಗಿಲ್ಲದ ಪ್ಲೈವುಡ್ ಹಲಗೆ. ಅದರ ಒಂದು ತುದಿಯನ್ನು 10 ಸೆಂಟಿಮೀಟರ್ ಎತ್ತರಿಸಿ. ಉರುಳಿಸಲು ಒಂದು ಗಟ್ಟಿ ಚೆಂಡು, ದುಂಡು ಮರದ ಒಂದು ತುಂಡು, ಗೋಡೆ ತೆಳುವಾಗಿರುವ ಪೈಪಿನ ಒಂದು ತುಂಡು ಸಾಕು. ಮೂರನ್ನೂ ಮೇಲ್ತುದಿಯಲ್ಲಿ ಒಂದೇ ಗೆರೆಯ ಮೇಲಿಟ್ಟು, ಮುಂದೆ ಅಡ್ಡವಾಗಿ ಸ್ಕೇಲ್ ಹಿಡಿಯಿರಿ. ಸ್ಕೇಲನ್ನು ಇಳಿಜಾರಿನ ದಿಕ್ಕಿಗೆ ಥಟ್ಟನೆ ಸರಿಸಿ ಎತ್ತಿದರೆ ಮೂರೂ ಒಟ್ಟಿಗೆ ಹೊರಡುತ್ತವೆ. ನೇರ ಮೇಲಕ್ಕೆಳೆದರೆ ಸ್ಕೇಲ್ ವಸ್ತುಗಳಿಗೆ ಉಜ್ಜಿ ಒಂದನ್ನು ತಡೆಯುತ್ತದೆ. ಕೈಯಿಂದ ಬಿಟ್ಟರಂತೂ ಯಾವುದಾದರೊಂದಕ್ಕೆ ಗೊತ್ತಿಲ್ಲದೆ ನೂಕು ಬಿದ್ದೇ ಬೀಳುತ್ತದೆ.

ಬಿಡುವ ಮೊದಲು ಪ್ರತಿಯೊಬ್ಬರೂ ಯಾವುದು ಗೆಲ್ಲುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಈ ಹೆಜ್ಜೆಯನ್ನು ಬಿಡಲೇಬೇಡಿ. ಊಹೆ ಹೇಳಿದ ಮಗು ಫಲಿತಾಂಶವನ್ನು ಬೇರೆಯದೇ ಕಣ್ಣಿನಿಂದ ನೋಡುತ್ತದೆ, ಏಕೆಂದರೆ ಅದಕ್ಕೆ ಈಗ ಒಂದು ಪಕ್ಷವಿದೆ.

ಮೊದಲು ತಲುಪುವುದು ಚೆಂಡು, ಸುಮಾರು 2.0 ಸೆಕೆಂಡಿನಲ್ಲಿ. ಅದರ ಬೆನ್ನಿಗೇ, 2.1 ಸೆಕೆಂಡಿಗೆ ಮರದ ತುಂಡು. ಪೈಪ್ ಬರುವಾಗ 2.4 ಸೆಕೆಂಡ್ ಆಗಿರುತ್ತದೆ. ಚೆಂಡು ಗೆರೆ ಮುಟ್ಟಿದಾಗ ಮರದ ತುಂಡು ಬರೀ ಎಂಟು ಸೆಂಟಿಮೀಟರ್ ಹಿಂದಿರುತ್ತದೆ. ಹಾಗಾಗಿ ಒಬ್ಬ ಮಗು ಅಂತಿಮ ಗೆರೆಯ ಪಕ್ಕದಲ್ಲೇ ಕೂತು ನೋಡಬೇಕು.

ಭಾರವಾದದ್ದು ಗೆದ್ದಿತು ಎಂದು ಮಕ್ಕಳು ತಕ್ಷಣ ಹೇಳುತ್ತಾರೆ. ಆಗ ಚಿಕ್ಕ ಗೋಲಿಯನ್ನೂ ದೊಡ್ಡ ಕಬ್ಬಿಣದ ಗುಂಡನ್ನೂ ಒಟ್ಟಿಗೆ ಬಿಡಿ. ಎರಡೂ ಸರಿಸಮನಾಗಿ ಇಳಿಯುತ್ತವೆ. ತೂಕ, ಗಾತ್ರ ಎರಡೂ ಲೆಕ್ಕಕ್ಕಿಲ್ಲ. ಹಾಗಿದ್ದರೆ ಲೆಕ್ಕಕ್ಕಿರುವುದೇನು? ವಸ್ತುವಿನ ದ್ರವ್ಯ ನಡುವೆ ಇದೆಯೋ ಅಂಚಿನಲ್ಲಿದೆಯೋ ಎಂಬುದು.

ಇಳಿಯುವಾಗ ಸಿಗುವ ಶಕ್ತಿಯನ್ನು ವಸ್ತು ಎರಡು ಕೆಲಸಕ್ಕೆ ಹಂಚಬೇಕು: ಮುಂದಕ್ಕೆ ಹೋಗುವುದಕ್ಕೆ, ತನ್ನ ಸುತ್ತ ತಿರುಗುವುದಕ್ಕೆ. ಗಟ್ಟಿ ಚೆಂಡು ಏಳು ಪಾಲಿನಲ್ಲಿ ಐದನ್ನು ಮುಂದೆ ಹೋಗಲು ಬಳಸುತ್ತದೆ. ದುಂಡು ಮರ ಮೂರರಲ್ಲಿ ಎರಡು ಪಾಲು ಬಳಸುತ್ತದೆ. ಪೈಪಿನ ದ್ರವ್ಯವೆಲ್ಲ ಅಂಚಿನಲ್ಲೇ ಇರುವುದರಿಂದ ತಿರುಗುವ ಕೆಲಸಕ್ಕೇ ಅರ್ಧ ಶಕ್ತಿ ಹೋಗುತ್ತದೆ, ಮುಂದೆ ಹೋಗಲು ಉಳಿಯುವುದು ಇನ್ನರ್ಧ.

ಹತ್ತು ವರ್ಷ ದಾಟಿದ ಮಕ್ಕಳಿಗೆ ಇದರ ಮುಂದಿನ ಸುತ್ತು ಇನ್ನೂ ಸೊಗಸು. ಒಂದೇ ಬಗೆಯ ಎರಡು ದುಂಡು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬಾಯಿತನಕ ನೀರು, ಇನ್ನೊಂದಕ್ಕೆ ಒತ್ತಿ ತುಂಬಿದ ಹಸಿ ಮರಳು. ನೀರಿನ ಬಾಟಲಿ ಮುಂದಾಗುತ್ತದೆ. ಬಾಟಲಿ ತಿರುಗಿದರೂ ಒಳಗಿನ ನೀರು ಅಷ್ಟಾಗಿ ತಿರುಗುವುದಿಲ್ಲ, ಆದ್ದರಿಂದ ಶಕ್ತಿಯೆಲ್ಲ ಬಹುಪಾಲು ಮುಂದಕ್ಕೇ ಹೋಗುತ್ತದೆ. ಮರಳು ಬಾಟಲಿಯ ಜೊತೆಗೇ ಸುತ್ತಬೇಕು. ಮರಳನ್ನು ಅರ್ಧ ಮಾತ್ರ ತುಂಬಿದರೆ ಕಣಗಳು ಒಳಗೆ ಕುಸಿದು ಉಜ್ಜಿ ಶಕ್ತಿಯನ್ನು ತಿಂದುಹಾಕುತ್ತವೆ. ಇಳಿಜಾರು ಕಡಿಮೆಯಿದ್ದರೆ ಆ ಬಾಟಲಿ ನಡುದಾರಿಯಲ್ಲೇ ನಿಂತುಬಿಡುವುದೂ ಉಂಟು.

ಕಿವಿಯಿಂದ ಅಳೆಯುವ ವೇಗೋತ್ಕರ್ಷ

ಇಳಿಯುವ ಚೆಂಡು ಹೋಗುತ್ತಾ ಹೋಗುತ್ತಾ ಜೋರಾಗುತ್ತದೆ ಎಂಬುದು ಮಕ್ಕಳಿಗೆ ಗೊತ್ತು. ಎಷ್ಟು ಜೋರಾಗುತ್ತದೆ ಎಂಬುದಕ್ಕೆ ಗೆಲಿಲಿಯೊ ಕಂಡುಕೊಂಡ ಉತ್ತರ 1638ರಲ್ಲಿ ಅಚ್ಚಾಯಿತು. ನೇರವಾಗಿ ಬೀಳುವುದನ್ನು ಅಳೆಯಲು ಆ ಕಾಲದ ಗಡಿಯಾರಗಳಿಗೆ ಆಗುತ್ತಿರಲಿಲ್ಲ. ಅವನು ಉದ್ದನೆಯ ಮರದ ತೊಲೆಯಲ್ಲಿ ತೋಡು ಕೊರೆಸಿ, ಓರೆಯಾಗಿಟ್ಟು, ನುಣುಪಾದ ಕಂಚಿನ ಗುಂಡು ಉರುಳಿಸಿದ. ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ. ಇದೇ ನಿಯಮವನ್ನು ಕಿವಿಗೆ ಕೇಳಿಸಲು 19ನೇ ಶತಮಾನದ ಆರಂಭದಲ್ಲಿ ಗಂಟೆಗಳನ್ನು ಜೋಡಿಸಿ ಮಾಡಿದ ಇಳಿಜಾರೊಂದು ಫ್ಲಾರೆನ್ಸ್‌ನ ಮ್ಯೂಸಿಯೊ ಗೆಲಿಲಿಯೊದಲ್ಲಿದೆ. ಇಂದಿನ ಚಟುವಟಿಕೆ ಅದರದೇ ಸರಳ ರೂಪ.

ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಆ್ಯಂಗಲ್ ಪಟ್ಟಿಯನ್ನು ತೋಡು ಮೇಲಾಗುವಂತೆ ಹಲಗೆಗೆ ಕೂರಿಸಿ. 160 ಸೆಂಟಿಮೀಟರ್ ಉದ್ದಕ್ಕೆ 8 ಸೆಂಟಿಮೀಟರ್ ಇಳಿತವಿರಲಿ. 25 ಮಿಲಿಮೀಟರ್ ಉಕ್ಕಿನ ಗುಂಡು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಜಿನ ಗೋಲಿ ಹಗುರ, ಗಂಟೆಗೆ ತಗುಲಿದಾಗಲೆಲ್ಲ ಅದರ ಜವ ಕುಗ್ಗುತ್ತದೆ. ಪಟ್ಟಿಯ ಮೇಲೆ ಅಡ್ಡಕ್ಕೆ ನಿಲ್ಲಿಸಿದ ಚಿಕ್ಕ ಕಮಾನುಗಳಿಂದ ಕಿರುಗಂಟೆಗಳನ್ನು ನೂಲಿನಲ್ಲಿ ಇಳಿಬಿಡಿ. ಗುಂಡಿನ ನೆತ್ತಿ ಗಂಟೆಯ ಅಂಚನ್ನು ಸವರಿದರೆ ಸಾಕು.

ಮೊದಲು ನಾಲ್ಕು ಗಂಟೆಗಳನ್ನು ಸಮ ಅಂತರದಲ್ಲಿ, 40, 80, 120, 160 ಸೆಂಟಿಮೀಟರಿಗೆ ಇಡಿ. ಗುಂಡು ಬಿಟ್ಟರೆ ಮೊದಲ ನಾದಕ್ಕೆ ಬಹಳ ಕಾಯಬೇಕು, ಆಮೇಲಿನವು ಒಂದರ ಮೇಲೊಂದು ಬರುತ್ತವೆ. ಒಟ್ಟು ಸಮಯದ ಅರ್ಧ ಮೊದಲ ಕಾಲುಭಾಗ ದಾರಿಗೇ ಹೋಗಿರುತ್ತದೆ.

ಈಗ ಸವಾಲು: ನಾದಗಳು ಸಮನಾಗಿ, ತಾಳ ಹಾಕಿದಂತೆ ಬರಬೇಕು. ಗಂಟೆಗಳನ್ನು ಎಲ್ಲಿಗೆ ಸರಿಸುತ್ತೀರಿ? ಉತ್ತರ ಹೇಳಬೇಡಿ. ಮಕ್ಕಳು ಕೆಳಗಿನ ಗಂಟೆಗಳನ್ನು ದೂರ ದೂರಕ್ಕೆ ಸರಿಸುತ್ತಾ, ಮತ್ತೆ ಕೇಳುತ್ತಾ, ಒಂದೊಂದು ಬೆರಳಿನಷ್ಟು ತಿದ್ದುತ್ತಾ ಕೊನೆಗೆ 10, 40, 90, 160ರ ಆಸುಪಾಸಿಗೆ ಬರುತ್ತಾರೆ. ಆಗ ಮುಕ್ಕಾಲರಿಂದ ಒಂದು ಸೆಕೆಂಡಿನ ನಡುವಿನ ಅಂತರದಲ್ಲಿ ಒಂದೇ ಲಯದಲ್ಲಿ ಗಂಟೆ ಬಾರಿಸುತ್ತದೆ. ಗುಂಡು ಹೊರಡುವ ಕ್ಷಣವನ್ನೂ ಒಂದು "ಟಕ್" ಸದ್ದಿನಿಂದ ಸೂಚಿಸಬೇಕು, ಇಲ್ಲದಿದ್ದರೆ ಮೊದಲ ಅಂತರ ತಿಳಿಯುವುದಿಲ್ಲ.

ಈಗ ಅಂತರಗಳನ್ನು ಬರೆಸಿ: 10, 30, 50, 70. ಅಂದರೆ 1, 3, 5, 7 ಎಂಬ ಬೆಸ ಸಂಖ್ಯೆಗಳು. ಒಟ್ಟು ದೂರಗಳು 1, 4, 9, 16 ಎಂಬ ವರ್ಗಗಳು. ಸಮಯ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಇಳಿಜಾರನ್ನು ಹೆಚ್ಚಿಸಿ ನೋಡಿ; ಲಯ ಬೇಗವಾಗುತ್ತದೆ, ಆದರೆ ಗಂಟೆಗಳನ್ನು ಸರಿಸಬೇಕಾಗುವುದಿಲ್ಲ. ಮಕ್ಕಳು ಇದನ್ನು ನಿರೀಕ್ಷಿಸಿರುವುದೇ ಇಲ್ಲ.

ಗಾಳಿಯ ಮೇಲೆ ತೇಲುವ ಬಿಲ್ಲೆ

ಸಂಗ್ರಹಾಲಯದ ಗಾಳಿಮೇಜಿನಲ್ಲಿ ನೂರಾರು ಸಣ್ಣ ರಂಧ್ರಗಳಿಂದ ಗಾಳಿ ಹೊಮ್ಮಿ ಬಿಲ್ಲೆಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುತ್ತದೆ. ಹಳೆಯ ಸಿಡಿಯೊಂದರಿಂದ ಇದನ್ನೇ ತಲೆಕೆಳಗಾಗಿ ಮಾಡಬಹುದು. ಇಲ್ಲಿ ಗಾಳಿ ಬಿಲ್ಲೆಯಿಂದ ಕೆಳಕ್ಕೆ ಹರಿಯುತ್ತದೆ.

ಸಿಡಿಯ ನಡುವಿನ ತೂತು 15 ಮಿಲಿಮೀಟರ್. ಎಳೆದರೆ ತೆರೆದುಕೊಂಡು ಒತ್ತಿದರೆ ಮುಚ್ಚಿಕೊಳ್ಳುವ ನೀರಿನ ಬಾಟಲಿ ಮುಚ್ಚಳವನ್ನು ಅದರ ಮೇಲೆ ಗ್ಲೂ ಗನ್‌ನಿಂದ ಅಂಟಿಸಿ. ಅಂಟು ಸುತ್ತಲೂ ಒಂದು ಕಡೆಯೂ ಬಿಡದಂತೆ ಕೂರಬೇಕು. ಈ ಕೆಲಸ ದೊಡ್ಡವರದು. ಮುಚ್ಚಳ ಒತ್ತಿ ಮುಚ್ಚಿ, ಊದಿದ ಬಲೂನಿನ ಬಾಯನ್ನು ಅದಕ್ಕೆ ಸಿಕ್ಕಿಸಿ. ನುಣುಪಾದ ಮೇಜಿನ ಮೇಲಿಟ್ಟು ಮುಚ್ಚಳ ತೆರೆದು, ಬೆರಳ ತುದಿಯಿಂದ ಮೆಲ್ಲಗೆ ತಳ್ಳಿ.

ಗಾಳಿಯಿಲ್ಲದ ಸಿಡಿ ಸ್ವಲ್ಪ ದೂರಕ್ಕೇ ನಿಲ್ಲುತ್ತದೆ. ಗಾಳಿಯಿರುವ ಸಿಡಿ ಅಷ್ಟೇ ತಳ್ಳುವಿಕೆಗೆ ಮೇಜಿನ ತುದಿಯವರೆಗೂ ನೇರವಾಗಿ ಸಾಗುತ್ತದೆ. "ತಳ್ಳಿದ ಶಕ್ತಿ ಖಾಲಿಯಾಯಿತು, ಅದಕ್ಕೇ ನಿಂತಿತು" ಎನ್ನುವ ಮಗುವಿಗೆ ಈಗ ಕೇಳಿ: ತಳ್ಳಿದ್ದು ಎರಡು ಸಲವೂ ಒಂದೇ ತರಹ, ಹಾಗಾದರೆ ಬದಲಾದದ್ದೇನು? ಚಲನೆಯನ್ನು ನಿಲ್ಲಿಸುವುದಕ್ಕೆ ಬಲ ಬೇಕು, ಸಾಗುತ್ತಿರುವುದಕ್ಕೆ ಬೇಡ ಎಂಬ ಮಾತು ಅರ್ಥವಾಗುವುದು ಇಲ್ಲಿಯೇ. ಓಡುವ ಬಸ್ಸಿನೊಳಗೆ ಮೇಲಕ್ಕೆಸೆದ ನಾಣ್ಯ ಮರಳಿ ಕೈಗೇ ಬೀಳುವುದೂ ಇದೇ ಕಾರಣಕ್ಕೆ: ನಾಣ್ಯ ಗಾಳಿಯಲ್ಲಿದ್ದಾಗಲೂ ಬಸ್ಸಿನ ವೇಗದಲ್ಲೇ ಮುಂದೆ ಸಾಗುತ್ತಿರುತ್ತದೆ. ಕೆಲವು ಸಂಗ್ರಹಾಲಯಗಳಲ್ಲಿ ಹಳಿಯ ಮೇಲೆ ಓಡುತ್ತಲೇ ಚೆಂಡನ್ನು ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯುವ ಪುಟ್ಟ ಗಾಡಿ ತೋರಿಸುವುದು ಇದನ್ನೇ.

ಬಲೂನು ದೊಡ್ಡದಾದರೆ ಒಂದು ಪಕ್ಕಕ್ಕೆ ವಾಲಿ, ಸಿಡಿಯ ಅಂಚು ನೆಲಕ್ಕೆ ತಾಗಿ ತಿರುಗತೊಡಗುತ್ತದೆ. ಬಲೂನಿನ ಕುತ್ತಿಗೆಗೆ ರಟ್ಟಿನ ಪಟ್ಟಿಯೊಂದನ್ನು ಸುತ್ತಿ ನಿಲ್ಲಿಸಿದರೆ ಸರಿಹೋಗುತ್ತದೆ. ಟೈಲ್ಸ್ ನೆಲದ ಸಂದಿಗಳಲ್ಲಿ ಗಾಳಿ ಸೋರುತ್ತದೆ, ಆದ್ದರಿಂದ ಮೇಜೇ ಲೇಸು. ಊದದ ಅಥವಾ ಒಡೆದ ಬಲೂನು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸಬಲ್ಲದು. ಎಂಟು ವರ್ಷದೊಳಗಿನವರಿಗೆ ಊದಲು ಕೊಡಬಾರದು, ಚೂರುಗಳನ್ನು ಆಗಿಂದಾಗಲೇ ಆರಿಸಿಬಿಡಬೇಕು.

ಎರಡು ನಾಣ್ಯ, ಒಂದೇ ಸದ್ದು

ಮೇಜಿನ ಅಂಚಿನಲ್ಲಿ ಒಂದು ನಾಣ್ಯವಿಡಿ. ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಅಂಚಿನಿಂದಾಚೆ ಚಾಚಿದ ತುದಿಯ ಮೇಲೆ ಇನ್ನೊಂದು ನಾಣ್ಯವಿಡಿ. ಸ್ಕೇಲಿನ ನಡುವನ್ನು ಬೆರಳಿನಿಂದ ಒತ್ತಿ ಹಿಡಿದು, ಆ ಬೆರಳಿನ ಸುತ್ತ ಅದು ತಿರುಗುವಂತೆ ಥಟ್ಟನೆ ಹೊಡೆಯಿರಿ. ಮೇಜಿನ ಮೇಲಿನ ನಾಣ್ಯ ದೂರಕ್ಕೆ ಚಿಮ್ಮುತ್ತದೆ, ಸ್ಕೇಲಿನ ಮೇಲಿದ್ದದ್ದು ಅಡಿಯ ಆಸರೆ ತಪ್ಪಿ ಹೆಚ್ಚುಕಡಿಮೆ ನೇರ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದ ಸದ್ದು ಕೇಳಿಸುವುದು ಒಂದೇ.

ಅಡ್ಡಕ್ಕೆ ಎಷ್ಟೇ ಜೋರಾಗಿ ಹೋದರೂ ಕೆಳಕ್ಕೆ ಬೀಳುವ ಲೆಕ್ಕ ಬೇರೆಯೇ ನಡೆಯುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಲು ಹೇಳಿ. ದೂರ ಹೋದ ನಾಣ್ಯದ ಹಿಂದೆ ಕಣ್ಣು ಓಡಿದರೆ ಅದೇ ತಡವಾಗಿ ಬಿತ್ತೆಂದು ತೋರುತ್ತದೆ. ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿ ವಿಡಿಯೊ ಇದ್ದರೆ 0.4 ಸೆಕೆಂಡಿನ ಬೀಳುವಿಕೆ 96 ಚಿತ್ರಗಳಾಗಿ ಹರಡಿಕೊಳ್ಳುತ್ತದೆ.

ಹಕ್ಕಿಯ ಗರಿ ಮಾತ್ರ ನಿಧಾನಕ್ಕೆ ಬೀಳುತ್ತದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಗಾಳಿಯ ತಡೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಗಾಳಿ ಹೀರಿ ತೆಗೆದ ಗಾಜಿನ ಕೊಳವೆಯಲ್ಲಿ ಇದನ್ನೇ ತೋರಿಸುವ ಪ್ರದರ್ಶಿಕೆಗಳಿವೆ.

ತಿರುಗುವ ಪೀಠ

ಮೈಯಿಂದಲೇ ಕಲಿಯುವ ಪ್ರಯೋಗ ಇದು. ಮಗು ಬೇರಿಂಗ್ ಅಳವಡಿಸಿದ ಪೀಠದ ನಡುವೆ ನಿಂತು, ಎರಡೂ ಕೈಯಲ್ಲಿ ಒಂದೊಂದು ಕಿಲೋ ತೂಕ ಹಿಡಿದು ಕೈ ಚಾಚುತ್ತದೆ. ಇನ್ನೊಬ್ಬರು ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಮೆಲ್ಲಗೆ ತಿರುಗಿಸಿ ಬಿಡುತ್ತಾರೆ. ಕೈಗಳನ್ನು ಎದೆಗೆ ಎಳೆದುಕೊಂಡ ಕೂಡಲೇ ತಿರುಗಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಮತ್ತೆ ಚಾಚಿದರೆ ನಿಧಾನ.

ಹೊರಗಿನಿಂದ ಯಾರೂ ತಿರುಚದಿದ್ದರೆ ತಿರುಗಾಟದ ಒಟ್ಟು ಮೊತ್ತ ಬದಲಾಗುವುದಿಲ್ಲ. ಇದಕ್ಕೆ ಕೋನೀಯ ಸಂವೇಗ ಎನ್ನುತ್ತಾರೆ. ದ್ರವ್ಯ ನಡುವಿಗೆ ಬಂದರೆ ತಿರುಗಿಸುವುದು ಸುಲಭ, ಆದ್ದರಿಂದ ಅದೇ ಮೊತ್ತಕ್ಕೆ ಜವ ಹೆಚ್ಚಬೇಕು. ಪೈಪ್ ಸೋಲಲು ಕಾರಣವಾದ ಅಂಚು–ನಡುವಿನ ವ್ಯತ್ಯಾಸವೇ ಇಲ್ಲೂ ಕೆಲಸ ಮಾಡುತ್ತಿದೆ. ಕೈ ಎಳೆದುಕೊಳ್ಳುವಾಗ ಎಷ್ಟು ಶ್ರಮ ಬೇಕಾಯಿತು ಎಂದು ಮಗುವನ್ನೇ ಕೇಳಿ. ಹೆಚ್ಚಾದ ಜವಕ್ಕೆ ಶಕ್ತಿ ಬಂದದ್ದು ಆ ತೋಳುಗಳಿಂದಲೇ.

ಪೀಠದ ಸುತ್ತ ಒಂದೂವರೆ ಮೀಟರ್ ಜಾಗ ಖಾಲಿ ಇರಲಿ. ಬೆವರಿದ ಕೈಯಿಂದ ತೂಕ ಜಾರಿದರೆ ಅದು ನೇರ ಹಾರುತ್ತದೆ, ಆದ್ದರಿಂದ ಮಣಿಕಟ್ಟಿಗೆ ಕಟ್ಟುವ ತೂಕಗಳೇ ಕ್ಷೇಮ. ಐದಾರು ಸುತ್ತಿಗೆ ನಿಲ್ಲಿಸಿ, ಇಳಿಯುವಾಗ ಕೈ ಹಿಡಿಯಿರಿ. ನಿಂತ ಮೇಲೂ ಲೋಕ ತಿರುಗಿದಂತೆ ಕಾಣುವುದು ಒಳಗಿವಿಯ ಕೊಳವೆಗಳಲ್ಲಿರುವ ದ್ರವ ಇನ್ನೂ ಹರಿಯುತ್ತಿರುವುದರಿಂದ. ಅದೂ ಜಡತ್ವವೇ.

ಫಲಿತಾಂಶ ತಪ್ಪಿದಾಗ

ಪೈಪು ಚೆಂಡನ್ನು ಸೋಲಿಸಿಬಿಟ್ಟರೆ ಗಾಬರಿಯಾಗಿ ವಿವರಣೆ ಕೊಡಲು ಹೋಗಬೇಡಿ. ಎಲ್ಲಿ ವ್ಯತ್ಯಾಸವಾಯಿತು ಎಂದು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಹೆಚ್ಚಿನ ಸಲ ಕಾರಣ ಹೊರಡುವ ಕ್ಷಣದಲ್ಲೇ ಇರುತ್ತದೆ: ಒಂದಕ್ಕೆ ನೂಕು ಬಿದ್ದಿರುತ್ತದೆ, ಇಲ್ಲವೇ ಮೂರೂ ಒಂದೇ ಗೆರೆಯಲ್ಲಿ ಇದ್ದಿರುವುದಿಲ್ಲ. ಎರಡನೆಯ ಅನುಮಾನ ಹಲಗೆಯ ಮೇಲೆ. ಅಡ್ಡಕ್ಕೆ ರಸಮಟ್ಟ ಇಟ್ಟು ನೋಡಿದರೆ ಒಂದು ಪಕ್ಕ ತಗ್ಗಾಗಿರುವುದು ಕಾಣುತ್ತದೆ. ಚೆಂಡು ಅಂಚಿಗೆ ತಾಗಿ ತಡವಾಗಿರುತ್ತದೆ. ಇಳಿಜಾರು ತೀರಾ ಕಡಿದಾಗಿದ್ದರೆ ಪೈಪ್ ಉರುಳುವ ಬದಲು ಜಾರತೊಡಗುತ್ತದೆ, ಜಾರುವ ವಸ್ತುವಿಗೆ ಮೇಲಿನ ಪಾಲಿನ ಲೆಕ್ಕ ಹೊಂದುವುದಿಲ್ಲ.

ಗಂಟೆಯ ಇಳಿಜಾರಿನಲ್ಲಿ ಕೊನೆಯ ನಾದ ತಡವಾಗಿ ಬರುತ್ತಿದ್ದರೆ ಪಟ್ಟಿ ನಡುವೆ ಜೋತಿರಬಹುದು. ಜೋತ ಪಟ್ಟಿಯಲ್ಲಿ ಮೇಲ್ಭಾಗದ ಇಳಿತ ಹೆಚ್ಚು, ಕೆಳಭಾಗದ್ದು ಕಡಿಮೆ. ಪಟ್ಟಿಯ ಉದ್ದಕ್ಕೂ ದಾರ ಬಿಗಿದು ಹಿಡಿದರೆ ಸಂದು ಕಾಣಿಸುತ್ತದೆ, ಅಲ್ಲಿಗೆ ಒಂದು ಮರದ ತುಂಡು ಕೊಟ್ಟರಾಯಿತು. ಮೇಲಿನ ಗಂಟೆಗಳು ಗುಂಡಿಗೆ ಗಟ್ಟಿಯಾಗಿ ಬಡಿಯುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆಗ ನೂಲನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆಳೆದು ಕಟ್ಟಿ.

ಒಂದು ಗುಂಪಿಗೆ ನಾಲ್ಕೈದು ಮಕ್ಕಳು ಸಾಕು, ಹೆಚ್ಚಾದರೆ ಹಿಂದೆ ನಿಂತವರು ಬರೀ ನೋಡುಗರಾಗುತ್ತಾರೆ. ಒಬ್ಬರು ಬಿಡಲಿ, ಒಬ್ಬರು ಅಂತಿಮ ಗೆರೆ ನೋಡಲಿ, ಒಬ್ಬರು ಬರೆಯಲಿ, ಪ್ರತಿ ಸುತ್ತಿಗೂ ಜಾಗ ಬದಲಾಗಲಿ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಬೇಕು ಎಂಬುದೊಂದೇ ಕಟ್ಟುನಿಟ್ಟು. ಎತ್ತರವನ್ನೂ ಚೆಂಡನ್ನೂ ಒಟ್ಟಿಗೆ ಬದಲಿಸಿದವರಿಗೆ ಫಲಿತಾಂಶ ಯಾವುದರಿಂದ ಬಂತೆಂದು ಹೇಳಲು ಬರುವುದಿಲ್ಲ, ಮತ್ತೆ ಮೊದಲಿಂದ ಹಲಗೆಯ ಮೇಲ್ತುದಿಗೆ ಹೋಗಬೇಕಾಗುತ್ತದೆ.